ಏಳನೇ ಬೋರಿನ ಮೇಲೆ ನಿಂತ ಕಾಯಿ

ಮೊದಲೇ ಹೇಳಿಬಿಡುತ್ತೇನೆ. ತೆಂಗಿನಕಾಯಿ ಹಿಡಿದು ನೀರು ನೋಡುವುದನ್ನು ನಾನು ನಂಬುವವಳಲ್ಲ. ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಇದನ್ನು ಓದಿ "ನೋಡ್ರಪ್ಪಾ, ಓದಿದವರೇ ಒಪ್ಪಿಕೊಂಡರು" ಎಂದು ಕುಣಿಯಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು. "ಪಾಪ, ಕೆಲಸದ ಒತ್ತಡ, ಕಣ್ಣಿಗೆ ಏನೋ ಕಂಡಿರಬೇಕು" ಎಂದು ನನ್ನ ತಲೆ ಸವರಲು ಬರುವವರೂ ದೂರವೇ ಇರಲಿ. ನನಗೆ ಜ್ವರ ಇರಲಿಲ್ಲ, ನಿದ್ದೆ ಕೆಟ್ಟಿರಲಿಲ್ಲ, ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಉಂಡಿದ್ದೆ. ಹಾಡಹಗಲು ನಾಲ್ಕು ಗಂಟೆಯ ಹೊತ್ತಿನಲ್ಲಿ, ತುಮಕೂರಿನ ಶಿರಾ ಗೇಟಿನ ಹತ್ತಿರ ಮೋಟಾರು ಬಿಡಿಭಾಗದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ನಡೆದದ್ದು ಇದು.

ನಾನು ಭೂವಿಜ್ಞಾನ ಓದಿದವಳು. ಓದಿದ್ದಕ್ಕೂ ಒಂದು ಹಟವೇ ಕಾರಣ. ಕುಣಿಗಲ್ ಕಡೆಯ ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಸುತ್ತ ಹತ್ತು ಹಳ್ಳಿಗೆ ಹೆಸರಾದ ಕಾಯಿ ನೋಡುವವರು. ಜುಟ್ಟು ಬಿಟ್ಟು ಸುಲಿದ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾ ಹೋಗುವುದು, ನೆಲದಡಿ ನೀರಿರುವ ಕಡೆ ಕಾಯಿ ತಾನಾಗಿ ಎದ್ದು ಜುಟ್ಟು ಮೇಲೆ ಮಾಡಿ ನಿಲ್ಲುತ್ತದೆ ಎಂಬುದು ನಂಬಿಕೆ. ಹೆಬ್ಬೂರಿನ ಸ್ಕೂಲಿನಲ್ಲಿ ನನ್ನನ್ನು "ಕಾಯಿ ಮೊಮ್ಮಗಳು" ಎನ್ನುತ್ತಿದ್ದರು. ಅವರು ನಕ್ಕಷ್ಟೂ ನನಗೆ ವಿಜ್ಞಾನದ ಮೇಲೆ ಪ್ರೀತಿ ಹೆಚ್ಚಾಯಿತು. ಕಾಲೇಜು ಸೇರಿದ ಮೇಲೆ ಒಂದು ರಜೆಯಲ್ಲಿ ತಾತನ ಮುಂದೆ ಕೂತು, ಕಾಯಿ ಏಳುವುದು ನೀರಿನಿಂದಲ್ಲ, ಹಿಡಿದವರ ಕೈ ಅವರಿಗೇ ಗೊತ್ತಿಲ್ಲದೆ ಆಡುವ ಆಟ ಎಂದು ವಿವರಿಸಿದೆ. ತಾತ ಸಿಟ್ಟಾಗಲಿಲ್ಲ.

"ಇರ್ಬೋದು ಕಣವ್ವ. ಸುಳ್ಳಾಡಿದ್ ದಿನ ನಾನ್ ಕಾಯಿ ಮುಟ್ಟಕಿಲ್ಲ. ನಂಗೊತ್ತಿರೋದು ಅದೊಂದೇಯ" ಎಂದು ಎಲೆಗೆ ಸುಣ್ಣ ಸವರಿದರು.

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಆದರೆ ಇದರಿಂದ ನೀತಿಕಥೆ ಕಟ್ಟಬೇಡಿ, ನನಗೆ ಆಗದು.

ಓದು ಮುಗಿಸಿ ತುಮಕೂರಿನಲ್ಲಿ ಕೆಲಸ ಹಿಡಿದ ಮೇಲೆ ಕಾಯಿಯ ಕಾಟ ಇನ್ನೂ ಹೆಚ್ಚಿತು. ಗುಬ್ಬಿ, ಕುಣಿಗಲ್, ವಸಂತನರಸಾಪುರ ಎಂದು ಎಲ್ಲಿಗೆ ಬೋರ್‌ವೆಲ್ ಪಾಯಿಂಟ್ ಮಾಡಲು, ನೆಲಕ್ಕೆ ಕರೆಂಟು ಹಾಯಿಸಿ ನೀರು ಅಂದಾಜು ಮಾಡುವ ಮೀಟರು ಹೊತ್ತು ಹೋದರೂ, ಅಲ್ಲಿ ನನಗಿಂತ ಮೊದಲೇ ಒಬ್ಬ ಕಾಯಿಯವನು ಹಾಜರಿರುತ್ತಿದ್ದ. ಮೀಟರೂ ಕಾಯಿಯೂ ಒಂದೇ ಕಡೆ ಹೇಳಿದರೆ ಮಾತ್ರ ಕೊರೆಸುವುದು ಎಂದು ಜಮೀನಿನವರ ಹಟ. ಫ್ಯಾಕ್ಟರಿ ಕಟ್ಟಿಸುವ ಸೂಟಿನವರೂ ಹೀಗೇ. ನಾನು ಮೊಳೆ ಹೊಡೆದು ತಂತಿ ಎಳೆದು ಬಿಸಿಲಲ್ಲಿ ಬೇಯುತ್ತಿದ್ದರೆ, ಆತ ಚಪ್ಪಲಿ ಬಿಟ್ಟು ಒಂದು ಸುತ್ತು ಹಾಕಿ ಬಂದು ನನಗಿಂತ ಮೊದಲು ಮಜ್ಜಿಗೆ ಕುಡಿಯುತ್ತಿದ್ದ. ಹೊಟ್ಟೆ ಉರಿಯದೆ ಇರುತ್ತದೆಯೇ?

ಕೊನೆಗೆ ಇಬ್ಬರ ಮಾತೂ ನಡೆಯುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ. ಕೊರೆಯುವ ಲಾರಿ ಬಂದಾಗ ಗುರುತು ಹಾಕಿದ ಜಾಗ ಎರಡು ತೆಂಗಿನ ಮರದ ನಡುವೆ ಸಿಕ್ಕಿಕೊಂಡಿರುತ್ತದೆ, ಲಾರಿ ಅಲ್ಲಿಗೆ ಹೋಗದು. "ಒಂದೆಲ್ಡ್ ಮಾರು ಪಕ್ಕಕ್ಕೆ ಹಾಕ್ಬುಡಣ ಬುಡಿ" ಎಂದು ಡ್ರಿಲ್ಲರ್ ಹೇಳುತ್ತಾನೆ. ಜಮೀನಿನವರು ಹ್ಞೂಂ ಎನ್ನುತ್ತಾರೆ, ನಾನೂ ಹ್ಞೂಂ ಎನ್ನುತ್ತೇನೆ. ಹಾಳೆಯಲ್ಲಿ ಮಾತ್ರ ಮೊದಲು ಗುರುತಿಸಿದ ಜಾಗವೇ ಉಳಿಯುತ್ತದೆ. ನಮ್ಮ ಸೀಮೆಯಲ್ಲಿ ಇದು ತಪ್ಪು ಎಂದು ಯಾರಿಗೂ ಅನ್ನಿಸಿದ್ದಿಲ್ಲ. ಮರ ಉಳಿಯಿತಲ್ಲ, ಅಷ್ಟು ಸಾಕು.

ಕೆಲವು ವರ್ಷಗಳ ಹಿಂದೆ ನಮ್ಮ ಪುಟ್ಟ ಆಫೀಸಿಗೆ ಉತ್ತರದ ಬೆಟ್ಟದ ಸೀಮೆಯಿಂದ ಒಂದು ಕೆಲಸ ಬಂತು. ಜಾಗದ ಹೆಸರು ಬೇಡ. ನದಿಯ ಪಕ್ಕದಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದರು, ಅದರ ಜೊತೆಗೇ ಕರೆಂಟಿನ ದೊಡ್ಡ ಲೈನೂ ಎಳೆಯುತ್ತಿದ್ದರು. ಆ ದಾರಿಯುದ್ದಕ್ಕೂ ಎಲ್ಲೆಲ್ಲಿ ಗುಡ್ಡ ಕುಸಿಯಬಹುದು ಎಂದು ನಕ್ಷೆ ಮಾಡಿಕೊಡಬೇಕು. ದೊಡ್ಡ ಕಂಪನಿಯೊಂದು ಗುತ್ತಿಗೆ ಹಿಡಿದು ಅದರಲ್ಲಿ ಒಂದು ತುಂಡನ್ನು ನಮಗೆ ಕೊಟ್ಟಿತ್ತು. ನಕ್ಷೆಯಲ್ಲಿ ಮೂರೇ ಬಣ್ಣ. ಹಸಿರು ಅಂದರೆ ಭಯವಿಲ್ಲ. ಹಳದಿ ಅಂದರೆ ಒಂದು ಕಣ್ಣಿಟ್ಟಿರಿ. ಕೆಂಪು ಅಂದರೆ ಅದರ ಕೆಳಗೆ ಮನುಷ್ಯರು ಮಲಗಬಾರದು. ಗುಡ್ಡದ ಮೇಲೆ ಬೋರು ಕೊರೆದು, ಒಳಗೆ ನೀರು ನಿಂತಿದೆಯೋ ಇಲ್ಲವೋ ನೋಡುವುದು ಇದರಲ್ಲಿ ಮುಖ್ಯ. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಗುಡ್ಡ ಜಾರಲು ಒಂದು ಜೋರು ಮಳೆ ಸಾಕು.

ಕೊರೆಯುವ ತಂಡದ ಮೇಸ್ತ್ರಿ ರಂಗಪ್ಪಣ್ಣ, ಗುಬ್ಬಿ ತಾಲ್ಲೂಕಿನವರು. ಮೂವತ್ತು ವರ್ಷದಿಂದ ನೆಲ ಕೊರೆದು ಬದುಕಿದವರು. ಮಿಷನ್ನಿಗೆ ಕಾಯಿ ಒಡೆಯದೆ ಯಾವ ಬೋರನ್ನೂ ಶುರು ಮಾಡುವವರಲ್ಲ. ಆ ಸೀಮೆಯ ಅಂಗಡಿಯ ಕಾಯಿ ಅವರಿಗೆ ಒಗ್ಗದು ಎಂದು ತಮ್ಮ ತೋಟದ್ದೇ ಒಂದು ಚೀಲ ರೈಲಿನಲ್ಲಿ ಹೊತ್ತು ತಂದಿದ್ದರು. "ಹಿಮದ ಗುಡ್ಡಕ್ಕೂ ಗುಬ್ಬಿ ಕಾಯಿನಾ?" ಎಂದು ನಾನು ರೇಗಿಸಿದರೆ, "ಗುಡ್ಡಕ್ಕಲ್ಲ ಮೇಡಂ, ನನ್ ಮಿಷಿನ್‌ಗೆ. ಮಿಷಿನ್ ನಮ್ಮೂರ್ದಲ್ವಾ" ಎನ್ನುತ್ತಿದ್ದರು.

ನಾವು ಕೊರೆಯುತ್ತಿದ್ದ ಗುಡ್ಡದ ಬುಡದಲ್ಲಿ ರಸ್ತೆ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ಮೊದಲ ಶೆಡ್ಡಿನಲ್ಲಿ ಕಮಲಾ ಎನ್ನುವ ಹೆಂಗಸು ಚಹಾ ಮಾರುತ್ತಿದ್ದಳು. ನನ್ನ ವಯಸ್ಸಿನವಳೇ, ಬಾಯಿ ಮಾತ್ರ ನನಗಿಂತ ಎರಡರಷ್ಟು. ನನ್ನ ಹಿಂದಿ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ದಿನ ನನ್ನ ಕಾಲಿನಿಂದ ಒದ್ದೆ ಕಾಲುಚೀಲ ತಾನೇ ಕಿತ್ತುಕೊಂಡು ಒಲೆಯ ಮೇಲೆ ಒಣಗಿಸಿ ಕೊಟ್ಟಳು. ಅಮ್ಮನನ್ನು ಬಿಟ್ಟರೆ ನನಗೆ ಹಾಗೆ ಯಾರೂ ಮಾಡಿದ್ದಿಲ್ಲ. ಆರು ವರ್ಷದ ಅವಳ ಮಗಳು ಶೆಡ್ಡಿನ ಹಿಂಬದಿಯ ತಗಡಿನ ಮೇಲೆ ಇದ್ದಿಲಿನಲ್ಲಿ ಕುದುರೆ ಬರೆಯುತ್ತಿದ್ದಳು. ಆ ತಗಡಿನ ಬೆನ್ನಿಗೇ ಗುಡ್ಡ ಶುರುವಾಗುತ್ತಿತ್ತು.

ಏಳನೇ ಬೋರು ಬೀಳಬೇಕಾದದ್ದು ಆ ಶೆಡ್ಡುಗಳ ನೆತ್ತಿಯ ಮೇಲೆ, ಮಣ್ಣು ಸಡಿಲವಾಗಿದ್ದ ಒಂದು ಕೊರಕಲಿನ ಪಕ್ಕ. ಮಿಷನ್ನನ್ನು ಬಿಚ್ಚಿ, ಭಾಗ ಭಾಗವಾಗಿ ಹೊತ್ತು ಹತ್ತಿಸಬೇಕಿತ್ತು. ಹಿಮ ಬೀಳುವ ದಿನಗಳು ಹತ್ತಿರವಾಗಿದ್ದವು, ಎಲ್ಲರಿಗೂ ಊರಿನ ಧ್ಯಾನ. ಅರವತ್ತು ಮೀಟರ್ ಆಚೆಗೆ ಒಂದು ಮಟ್ಟಸವಾದ ಬಂಡೆ ಇತ್ತು.

"ಅಲ್ಗಂಟ ಮಿಷಿನ್ ಹತ್ತಕಿಲ್ಲ ಮೇಡಂ. ಈ ಬಂಡೆ ಮ್ಯಾಲೆ ಹಾಕ್ಬುಡಣ?" ಎಂದು ರಂಗಪ್ಪಣ್ಣ ಕೇಳಿದರು. ನಾನು ಹ್ಞೂಂ ಎಂದೆ. ತೆಂಗಿನ ಮರ ಉಳಿಸಿಕೊಳ್ಳಲು ಎಷ್ಟೋ ಸಲ ಅಂದ ಅದೇ ಹ್ಞೂಂ. ಬಂಡೆಯ ಮೇಲೆ ಕೊರೆದರು, ಒಳಗೆ ಒಣ ಕಲ್ಲು, ಒಂದು ತೊಟ್ಟು ನೀರಿಲ್ಲ. ಬೋರಿನ ಹಾಳೆಯಲ್ಲಿ ಜಾಗದ ಗುರುತು ಮೊದಲೇ ಅಚ್ಚಾಗಿತ್ತು, ಕೊರಕಲಿನ ಪಕ್ಕದ ಜಾಗದ್ದು. ಅದರ ಕೆಳಗೆ "ನೀರಿಲ್ಲ" ಎಂದು ಬರೆದು ಸಹಿ ಹಾಕಿದೆ. ಆಫೀಸಿಗೆ ಹೋದ ಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದೆ. ತಿದ್ದಲಿಲ್ಲ. ಮರೆತಿದ್ದೆನೋ, ಮರೆತವಳಂತೆ ಇದ್ದೆನೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಆ ಒಂದು ಹಾಳೆಯನ್ನು ನಂಬಿ ಕಮಲಾಳ ಶೆಡ್ಡಿನ ಮೇಲಿನ ಗುಡ್ಡ ನಕ್ಷೆಯಲ್ಲಿ ಹಳದಿಯಾಯಿತು. ಹಳದಿ ಎಂದರೆ ಮುಂದಿನ ಮಳೆಗಾಲವೂ ಅವರು ಅಲ್ಲೇ ಇರಬಹುದು.

ಈಗ ಆ ದಿನಕ್ಕೆ ಬರುತ್ತೇನೆ. ಮರುದಿನ ನಕ್ಷೆ ಒಪ್ಪಿಸಬೇಕಿತ್ತು. ಮಂಚದಷ್ಟು ಅಗಲದ ಹಾಳೆ, ಎರಡು ಮೇಜು ಜೋಡಿಸಿ ಗಾಜಿನ ಮೇಲೆ ಹರಡಿದ್ದೆ. ಸುರುಳಿ ಬಿಚ್ಚಿದ ಹಾಳೆ ಫ್ಯಾನಿನ ಗಾಳಿಗೆ ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ಮಧ್ಯಾಹ್ನ ಗುಬ್ಬಿಯಿಂದ ಬಂದಿದ್ದ ರಂಗಪ್ಪಣ್ಣ ಎಲ್ಲರ ಮನೆಗೂ ಆಗಲಿ ಎಂದು ಒಂದು ಚೀಲ ಕಾಯಿ ತಂದಿದ್ದರು. ಅದರಲ್ಲಿ ನಾಲ್ಕು ತೆಗೆದು ನಾಲ್ಕು ಮೂಲೆಗೆ ಇಟ್ಟೆ. ಆಫೀಸಿನ ಯಜಮಾನರು ಹಾದು ಹೋಗುವಾಗ ನೋಡಿ "ಏನ್ರೀ ಇದು, ಆಫೀಸೋ ಕಾಯಿ ಮಂಡಿನೋ?" ಎಂದು ನಕ್ಕು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ರಂಗಪ್ಪಣ್ಣ ಟೀ ತರಲು ಫ್ಲಾಸ್ಕ್ ಹಿಡಿದು ಕೆಳಗಿಳಿದರು. ಕೋಣೆಯಲ್ಲಿ ನಾನೊಬ್ಬಳೇ ಉಳಿದೆ.

ಸಹಿಯ ಜಾಗ ಬಲಗಡೆಯ ಕೆಳಮೂಲೆಯಲ್ಲಿತ್ತು. ಅಲ್ಲಿದ್ದ ಕಾಯಿಯನ್ನು ಒಂದು ಗೇಣು ಒಳಕ್ಕೆ ಸರಿಸಿ, ಅಡ್ಡ ಮಲಗಿಸಿ, ಪೆನ್ನಿನ ಟೋಪಿ ತೆಗೆದೆ. ಕಾಯಿ ಉರುಳಿತು.

ಜೋರಾಗಿ ಅಲ್ಲ. ತೊಟ್ಟಿಲ ಮಗು ಮಗ್ಗುಲು ಬದಲಿಸುವ ಹಾಗೆ ಒಂದು ಸುತ್ತು, ಸ್ವಲ್ಪ ತಡೆದು ಇನ್ನೊಂದು ಸುತ್ತು. ರಸ್ತೆಯ ಗೆರೆ ದಾಟಿತು, ನದಿಯ ನೀಲಿ ದಾಟಿತು, ಎಡಗಡೆಯ ಮೇಲ್ಭಾಗದಲ್ಲಿ ಹಳದಿ ಬಳಿದ ಗುಡ್ಡಕ್ಕೆ ಬಂದು ನಿಂತಿತು. ಅಲ್ಲಿ ಎರಡು ಸಲ ಓಲಾಡಿತು. ಆಮೇಲೆ ಜುಟ್ಟಿನ ತುದಿ ನಿಧಾನವಾಗಿ ಮೇಲಕ್ಕೆ ಬಂತು, ಕಾಯಿ ನೆಟ್ಟಗೆ ಎದ್ದು ನಿಂತಿತು. ಬುಡ ಉಂಡೆಯಾಗಿದ್ದ ಕಾಯಿ ಅದು, ಕೈಯಲ್ಲಿ ಹಿಡಿದು ನಿಲ್ಲಿಸಿದರೂ ನಿಲ್ಲದಂಥದ್ದು. ನಿಂತ ಜಾಗದಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ನಾನೇ ಹಾಕಿದ ಅಂಕಿ ಏಳು.

ನನಗೆ ಮೊದಲು ಬಂದದ್ದು ಭಯವಲ್ಲ, ಕೋಪ. ಶಿರಾ ಗೇಟಿನಲ್ಲಿ ಬಸ್ಸು ಲಾರಿ ಓಡಾಡಿದರೆ ನಮ್ಮ ಕಟ್ಟಡ ಅದುರುತ್ತದೆ, ಅದಕ್ಕೇ ಇದು ಎಂದುಕೊಂಡೆ. ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ. ಗಾಜಿನ ಮೇಲೆ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವೆಯೇ ಇತ್ತು. ಒಂದು ದುಂಡು ಪೆನ್ಸಿಲ್ ಇಟ್ಟೆ, ಅದು ಅಲುಗಲಿಲ್ಲ. ಕಾಯಿಯನ್ನು ಮತ್ತೆ ಬಲಮೂಲೆಗೆ ತಂದು ಮಲಗಿಸಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಕೈಯ ಆಟ ಎಂದು ತಾತನಿಗೆ ಹೇಳಿದವಳು ನಾನೇ ಅಲ್ಲವೇ? ಪೆನ್ಸಿಲ್ ಇದ್ದಲ್ಲೇ ಇತ್ತು. ಕಾಯಿ ಮಾತ್ರ ಅದರ ಪಕ್ಕದಲ್ಲೇ ಉರುಳಿಕೊಂಡು ಹೋಗಿ, ಏಳರ ಮೇಲೆ ಎದ್ದು ನಿಂತಿತು.

ಆಗ ನಕ್ಷೆಯನ್ನೇ ತಿರುಗಿಸಿದೆ. ತಲೆ ಕೆಳಗು ಮಾಡಿದೆ. ಏಳನೇ ಬೋರು ಈಗ ನನ್ನ ಬಲಗಡೆ, ಹೊಟ್ಟೆಯ ಹತ್ತಿರಕ್ಕೆ ಬಂತು. ಮೇಜಿಗೇ ಏನಾದರೂ ದೋಷವಿದ್ದರೆ ಕಾಯಿ ಹಳೆಯ ಜಾಗಕ್ಕೇ ಹೋಗಬೇಕು. ಅದನ್ನು ಆಚೆ ತುದಿಯಲ್ಲಿ ಮಲಗಿಸಿ ಕೈ ಬಿಡುವ ಹೊತ್ತಿಗೆ ರಂಗಪ್ಪಣ್ಣ ಫ್ಲಾಸ್ಕ್ ಹಿಡಿದು ಒಳಗೆ ಬಂದರು. ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ಇಬ್ಬರೂ ನೋಡುತ್ತಿದ್ದಂತೆ ಕಾಯಿ ನನ್ನ ಕಡೆಗೇ ಬಂತು. ಬಂದು, ಓಲಾಡಿ, ಜುಟ್ಟು ಎತ್ತಿತು.

ರಂಗಪ್ಪಣ್ಣ ಹತ್ತಿರ ಬಂದು ಕಾಯಿಯ ಬುಡವನ್ನು ಬಗ್ಗಿ ನೋಡಿದರು. ಆಮೇಲೆ ಪಿಸುದನಿಯಲ್ಲಿ "ಇದ್ಯಾವ್ ಜಾಗ ಮೇಡಂ?" ಎಂದರು. ಅವರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ.

"ಏಳನೇ ಬೋರು."

"ನಾವ್ ಅಲ್ಲಿ ಹಾಕ್ನಿಲ್ವಲ್ಲ."

"ಇಲ್ಲ."

"ಆ ಟೀಯಮ್ಮನ ಶೆಡ್ ಮ್ಯಾಲಿಂದು" ಎಂದವರು ಫ್ಲಾಸ್ಕನ್ನು ನೆಲದ ಮೇಲಿಟ್ಟು, ಚಪ್ಪಲಿ ಕಳಚಿ ಬಾಗಿಲಾಚೆ ಇಟ್ಟು ಬಂದರು. "ಅದನ್ನ ಗಣಪತಿ ಗುಡೀಲಿ ಒಡ್ದ್‌ಬುಡಣ ಮೇಡಂ, ಮನ್ಸಿಗೆ ಸಮಾಧಾನ ಆಯ್ತದೆ."

"ಒಡೆಯೋದು ಬೇಡ ರಂಗಪ್ಪಣ್ಣ. ಸಮಾಧಾನ ಆಗೋದೂ ಬೇಡ" ಎಂದೆ. ನನಗೇ ಗೊತ್ತಿಲ್ಲದಂತೆ ಜೋರಾಗಿ ಬಂತು ಮಾತು.

ಆಮೇಲೆ ಇನ್ನೊಂದು ಕಾಯಿ ಇಟ್ಟು ನೋಡಿದೆ, ಅದು ಕದಲಲಿಲ್ಲ. ಉಳಿದ ಎರಡನ್ನೂ ಇಟ್ಟೆ, ಅವೂ ಇಲ್ಲ. ಮೊದಲ ಕಾಯಿಯನ್ನೇ ಮತ್ತೆ ಇಟ್ಟೆ. ಅದೂ ಸತ್ತಂತೆ ಬಿದ್ದುಕೊಂಡಿತು. ಹತ್ತು ಸಲ, ಇಪ್ಪತ್ತು ಸಲ ಇಟ್ಟೆ. ಆ ದಿನದಿಂದ ಇವತ್ತಿನವರೆಗೆ ಅದು ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ವಿಜ್ಞಾನ ಓದಿದವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಮೂರು ಸಲ ಕಂಡದ್ದು ನಾಲ್ಕನೇ ಸಲ ಕಾಣದಿದ್ದರೆ ಅದನ್ನು ಹಿಡಿದು ಯಾರ ಮುಂದೆ ನಿಲ್ಲುವುದು?

ತಪ್ಪಿನ ಭಾರ ಒಳಗೆ ಕುಟುಕುತ್ತಿತ್ತು, ಅದಕ್ಕೇ ಹಾಗೆ ಕಂಡಿತು ಎಂದು ನೀವು ಹೇಳಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಪ್ಪಿದೆ, ಕುಂಬಳಕಾಯಿ ಕದ್ದವಳು ನಾನೇ. ಆದರೆ ರಂಗಪ್ಪಣ್ಣನಿಗೂ ಅದೇ ಕಂಡಿತಲ್ಲ? ಇನ್ನು ನೀರಿನ ಕಥೆ. ಆ ಕಾಯಿಗೆ ನೀರೇ ಬೇಕಿದ್ದರೆ ನಮ್ಮ ಮೇಜಿನ ಕೆಳಗಿನ ಮಹಡಿಯಲ್ಲಿ ನಲ್ಲಿ ಪೈಪು ಹೋಗುತ್ತದೆ, ಅದರ ಮೇಲೆ ನಿಲ್ಲಬಹುದಿತ್ತು. ಎರಡು ದಿನ ಎರಡು ರಾತ್ರಿ ರೈಲಿನಲ್ಲಿ ಕೂತು ಹೋಗಬೇಕಾದ ಗುಡ್ಡದೊಳಗಿನ ನೀರಿಗೂ, ಗುಬ್ಬಿ ತೋಟದ ಕಾಯಿಗೂ, ನಡುವಿನ ಒಂದು ಕಾಗದಕ್ಕೂ ಏನು ನಂಟು? ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಯಜಮಾನರ ಬಾಗಿಲು ತಟ್ಟಿದೆ. ಏಳನೇ ಬೋರಿನ ಹಾಳೆ ಸುಳ್ಳು, ಅಲ್ಲಿ ನಾವು ಕೊರೆದೇ ಇಲ್ಲ ಎಂದೆ. ಒಳ್ಳೆಯ ಮನುಷ್ಯರೇ, ಕೆಟ್ಟವರೆಂದು ನಾನು ಹೇಳಲಾರೆ. ಆದರೆ ಆ ಕೆಲಸ ಕೈ ತಪ್ಪಿದರೆ ಆಫೀಸಿಗೆ ಬೀಗ ಬೀಳುತ್ತಿತ್ತು. ರಂಗಪ್ಪಣ್ಣನನ್ನು ಒಳಗೆ ಕರೆದು ಕೇಳಿದರು.

"ಬಂಡೆ ಮ್ಯಾಲೆ ಹಾಕುದ್ವಿ ಸಾ. ತಪ್ ನಂದೇಯ. ಮಿಷಿನ್ ಹತ್ತಕಿಲ್ಲ ಅಂದೋನು ನಾನು" ಎಂದರು ರಂಗಪ್ಪಣ್ಣ.

"ಸಹಿ ನನ್ನದು ಸಾರ್" ಎಂದೆ.

ಯಜಮಾನರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ಹುಡುಕಿದರು. "ನೋಡ್ರೀ, ಏಳನ್ನ ಲೆಕ್ಕದಿಂದ ಬಿಟ್ಬಿಡಿ. ಅಕ್ಕಪಕ್ಕದ ಆರು, ಎಂಟು ಎರಡ್ರಲ್ಲೂ ನೀರಿಲ್ಲ ತಾನೆ? ಅದ್ರ ಮೇಲೆ ಹಳದಿ ಉಳಿಸ್ಕೊಳಿ. ಕೆಂಪು ಮಾಡೋಕೆ ನಿಮ್ಹತ್ರ ಏನ್ ಆಧಾರ ಇದೆ?"

ಆಗ ನಾನು ಹೇಳಿದ ಮಾತು ಇಂದಿಗೂ ನನಗೆ ಬಾಯಿಪಾಠ. "ಹಳದಿ ಮಾಡೋಕೂ ಆಧಾರ ಇಲ್ಲ ಸಾರ್. ಅಲ್ಲೇನಿದೆ ಅಂತ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಗುಡ್ಡದ ಕೆಳಗೆ ಮಕ್ಕಳನ್ನ ಮಲಗಿಸೋಕೆ ನಾನು ಸಹಿ ಹಾಕಲ್ಲ."

ಇದು ಮುಖ್ಯ, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ಕಾಯಿ ಹೇಳಿತು ಎಂದು ನಾನು ಕೆಂಪು ಬಳಿಯಲಿಲ್ಲ. ನನಗೆ ಗೊತ್ತಿಲ್ಲ ಎಂದು ಬಳಿದೆ. ಕಾಯಿ ಮಾಡಿದ್ದು ಇಷ್ಟೇ, ನನಗೆ ಗೊತ್ತಿಲ್ಲ ಎನ್ನುವುದನ್ನು ನನ್ನ ಮೂಗಿನ ಮುಂದೆ ತಂದು ನಿಲ್ಲಿಸಿತು.

"ಇಷ್ಟ್ ತಿಂಗಳು ಇಲ್ಲದ್ದು ಈಗ್ಯಾಕ್ರೀ ನೆನಪಾಯ್ತು ನಿಮಗೆ?" ಎಂದು ಯಜಮಾನರು ಕೊನೆಗೆ ಕೇಳಿದರು. ಬಾಗಿಲ ಬಳಿ ಬರಿಗಾಲಿನಲ್ಲಿ ನಿಂತಿದ್ದ ರಂಗಪ್ಪಣ್ಣ ನನ್ನ ಮುಖ ನೋಡಿದರು. ನಾನು "ಆಯ್ತು ಸಾರ್, ನೆನಪಾಯ್ತು" ಎಂದಷ್ಟೇ ಹೇಳಿದೆ. ಅವರೂ ಕಾಯಿಯ ವಿಷಯ ಎತ್ತಲಿಲ್ಲ.

ಯಜಮಾನರು ನಾಳೆ ಬೆಳಿಗ್ಗೆ ನೋಡೋಣ ಎಂದರು. ನಾಳೆ ಬೆಳಿಗ್ಗೆ ನಾನು ಮೆತ್ತಗಾಗುತ್ತೇನೆ ಎಂದು ನನಗೇ ಭಯವಿತ್ತು. ಅಲ್ಲೇ ಕೂತು ಏಳನೇ ಬೋರಿನ ತಿದ್ದುಪಡಿ ಹಾಳೆ ತುಂಬಿ, ಗುಡ್ಡಕ್ಕೆ ಕೆಂಪು ಹಾಕಿ, ಎರಡನ್ನೂ ಗುತ್ತಿಗೆ ಹಿಡಿದ ಕಂಪನಿಗೂ ರಸ್ತೆ ಕೆಲಸದ ಮೇಲಧಿಕಾರಿಗಳಿಗೂ ನನ್ನ ಹೆಸರಿನಲ್ಲೇ ಕಳಿಸಿದೆ. ಕಳಿಸಿದ ಮೇಲೆ ಹೋಗಿ ಯಜಮಾನರಿಗೆ ಹೇಳಿದೆ. ಮನೆಗೆ ಹೋಗಿ ಅಮ್ಮನ ಮುಂದೆ ಕೂತು ಅತ್ತೆ, ಅದನ್ನೇನೂ ಮುಚ್ಚಿಡುವುದಿಲ್ಲ. ಆ ಕೆಲಸದಿಂದ ನನ್ನನ್ನು ತೆಗೆದರು. ಮುಂದಿನ ತಿಂಗಳು ಆಫೀಸಿನಿಂದಲೂ ಹೊರಬಿದ್ದೆ. ಸುಳ್ಳು ಹಾಳೆಗೆ ಸಹಿ ಹಾಕಿದವಳು ಎಂಬ ಹೆಸರು ನನಗಿಂತ ಮುಂಚೆ ನಾಲ್ಕು ಕಡೆ ತಲುಪಿತು. ಅದು ನಿಜವಾದ್ದರಿಂದ ಯಾರ ಜೊತೆಗೂ ಜಗಳವಾಡಲು ಆಗಲಿಲ್ಲ.

ಶೆಡ್ಡುಗಳನ್ನು ಮಳೆಗೆ ಮೊದಲು ನದಿಯ ಆಚೆ ದಡಕ್ಕೆ ಸಾಗಿಸಿದರು.

ಇಷ್ಟಾದ ಮೇಲೆ ಗುಡ್ಡ ಬಿತ್ತು, ಎಲ್ಲರೂ ಬದುಕಿದರು, ನನಗೆ ಹಾರ ಹಾಕಿದರು ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಮೂರು ಮಳೆಗಾಲ ಕಳೆದಿವೆ, ಗುಡ್ಡ ಬಿದ್ದಿಲ್ಲ. ಕೊರಕಲಿನ ಪಕ್ಕದ ಆ ಜಾಗದಲ್ಲಿ ಆಮೇಲೆ ಯಾರೂ ಕೊರೆದೂ ನೋಡಿಲ್ಲ. ಅಲ್ಲಿ ನೀರಿದೆಯೋ ಇಲ್ಲವೋ ದೇವರಾಣೆ ನನಗೆ ಗೊತ್ತಿಲ್ಲ. ರಂಗಪ್ಪಣ್ಣ ಆಗಾಗ ಫೋನು ಮಾಡಿ, "ಗುಡ್ಡ ಇನ್ನೂ ನಿಂತೈತಂತೆ ಮೇಡಂ" ಎನ್ನುತ್ತಾರೆ. "ನಿಂತಿರ್ಲಿ ಬಿಡ್ರಿ, ಬೀಳ್ಲಿ ಅಂತ ನಾನೇನು ಹರಕೆ ಹೊತ್ತಿದೀನಾ?" ಎನ್ನುತ್ತೇನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇವಳು ಎಂದು ಹಳೆಯ ಜೊತೆಗಾರರು ಆಡಿಕೊಳ್ಳುವುದೂ ಕಿವಿಗೆ ಬಿದ್ದಿದೆ. ಆಡಿಕೊಳ್ಳಲಿ. ಆ ಗುಡ್ಡ ನೂರು ವರ್ಷ ನಿಂತರೂ ನಾನು ಬಳಿದ ಕೆಂಪು ಕೆಂಪೇ.

ಕಮಲಾ ಕೂಡ ನನ್ನ ಪರ ಇಲ್ಲ. ಹೋದ ವರ್ಷ ಫೋನಿಗೆ ದನಿ ರೆಕಾರ್ಡು ಮಾಡಿ ಕಳಿಸಿದ್ದಳು. ಆಚೆ ದಡಕ್ಕೆ ಬಿಸಿಲು ಬರುವುದಿಲ್ಲ, ಲಾರಿಯವರು ಅಲ್ಲಿ ನಿಲ್ಲಿಸುವುದಿಲ್ಲ, ಚಹಾ ಯಾರು ಕುಡಿಯಬೇಕು, ನಿನ್ನ ಕಾಲುಚೀಲ ಒಣಗಿಸಿದ್ದಕ್ಕೆ ಒಳ್ಳೆ ಉಪಕಾರ ಮಾಡಿದೆ ಎಂದು ಉಸಿರು ಕಟ್ಟಿ ಬಯ್ದಿದ್ದಳು. ನಡುವೆ ಅವಳ ಮಗಳು ಏನೋ ಕೇಳುತ್ತಾಳೆ, ಇವಳು ಅವಳನ್ನೂ ಗದರಿಸುತ್ತಾಳೆ. ಆ ಬೈಗುಳವನ್ನು ನಾನು ಅಳಿಸಿಲ್ಲ. ಬೇಸರವಾದಾಗ ಹಾಕಿಕೊಂಡು ಕೇಳುತ್ತೇನೆ.

ಈಗ ಮತ್ತೆ ಹಳೆಯ ಮೀಟರು ಹೊತ್ತು ಹೆಬ್ಬೂರು, ಗುಬ್ಬಿ ಎಂದು ಸುತ್ತುತ್ತಿದ್ದೇನೆ. ಕಾಯಿಯವರು ಎದುರಾದರೆ ಮೊದಲಿನ ಹಾಗೆಯೇ ಜಗಳ ತೆಗೆಯುತ್ತೇನೆ. ಒಂದು ಮಾತ್ರ ಬದಲಾಗಿದೆ. ಲಾರಿ ಹೋಗುವುದಿಲ್ಲ, ಒಂದೆರಡು ಮಾರು ಪಕ್ಕಕ್ಕೆ ಹಾಕೋಣ ಎಂದು ಯಾರಾದರೂ ಅಂದರೆ, ಹಾಕಿ ಎನ್ನುತ್ತೇನೆ, ಹಾಳೆಯ ಮೇಲಿನ ಜಾಗವನ್ನೂ ನಿಂತಲ್ಲೇ ತಿದ್ದುತ್ತೇನೆ. ಆ ಕಾಯಿ ನನ್ನ ಬೀರುವಿನ ಮೇಲಿದೆ. ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಕಟಕಟ ಎನ್ನುತ್ತದೆ. ಚಟ್ನಿಗೂ ಆಗದ್ದನ್ನು ಯಾಕೆ ಇಟ್ಟುಕೊಂಡಿದ್ದೀಯೆ ಎಂದು ಅಮ್ಮ ಕೇಳುತ್ತಲೇ ಇರುತ್ತಾರೆ.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬರೆದೆ ಎಂದರೆ, ಒಂದು ಬಾಕಿ ಉಳಿದಿತ್ತು. ಆ ತಿದ್ದುಪಡಿ ಹಾಳೆಯಲ್ಲಿ ಕೊನೆಯದೊಂದು ಕಲಂ ಇತ್ತು, "ತಪ್ಪು ಗೊತ್ತಾದ ಬಗೆ" ಎಂದು. ಅವತ್ತು ಅದರಲ್ಲಿ "ಮರುಪರಿಶೀಲನೆಯಿಂದ" ಎಂದು ಬರೆದೆ. ಒಂದು ಸುಳ್ಳನ್ನು ತಿದ್ದುವ ಹಾಳೆಯಲ್ಲಿ ಇನ್ನೊಂದು ಸುಳ್ಳು. ಯಾವ ಮರುಪರಿಶೀಲನೆಯನ್ನೂ ನಾನು ಮಾಡಿರಲಿಲ್ಲ. ನಗುವವರು ನಗಲಿ, ಆ ಕಲಮನ್ನು ಇಲ್ಲಿ ತಿದ್ದುತ್ತಿದ್ದೇನೆ. ಹಳದಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದೆ, ಒಂದು ತೆಂಗಿನಕಾಯಿ ಎದ್ದು ನಿಂತಿತು.